ಹಸಿಮರದ ಭರಣಿ

ಊರವರ ಅಪ್ಪ-ಅಮ್ಮಂದಿರ ಅಸ್ಥಿಗೆಲ್ಲ ಚೆಂದದ ಮರದ ಭರಣಿ ಕಡೆದುಕೊಡುವ ಮನೋಪನ ಸ್ವಂತ ಅಪ್ಪ ಮಾತ್ರ, ಸತ್ತು ಒಂದೂವರೆ ತಿಂಗಳಾದರೂ ಬಿಸ್ಕತ್ತಿನ ಡಬ್ಬದಲ್ಲೇ ಕೂತಿದ್ದ. ದೀಪದ ಬುಡದಲ್ಲಿ ಕತ್ತಲೆ ಎಂದು ಹೊರಗಿನವರು ನಕ್ಕಾರು. ನಮ್ಮ ಓಣಿಯಲ್ಲಿ ಯಾರೂ ನಗಲಿಲ್ಲ. ಚಿಯಾಂಗ್ ಮಾಯಿಯಿಂದ ಲಂಪೂನಿಗೆ ಹೋಗುವ ಹಳೇ ರಸ್ತೆಯ ಈ ಓಣಿಯಲ್ಲಿ ಇಪ್ಪತ್ತು ಮನೆಯಲ್ಲಿ ಮರ ಕಡೆಯುವ ಲೇತ್ ಇದೆ, ಇಪ್ಪತ್ತು ಮನೆಯಲ್ಲೂ ಸ್ವಂತದ ಕೆಲಸ ಕೊನೆಗೇ ಉಳಿಯುತ್ತದೆ.

ಮನೋಪನ ಅಪ್ಪ ಇನ್‌ಸೋನ್ ಅಜ್ಜನನ್ನು ವಿಹಾರದ ಹೊಸ ಗ್ಯಾಸಿನ ಕುಲುಮೆಯಲ್ಲಿ ಸುಟ್ಟಿದ್ದರು. ಅದರ ಬಿಸಿಗೆ ಬೆರಳುದ್ದದ ಮೂಳೆಯೂ ಉಳಿಯಲಿಲ್ಲ. ಬೂದಿಯನ್ನು ನದಿಗೆ ಬಿಟ್ಟು, ಆರಿಸಿದ ಎರಡು ಬೊಗಸೆ ಮೂಳೆಪುಡಿಯನ್ನು ಡಬ್ಬಕ್ಕೆ ಹಾಕಿದರು. ಮಗಳು ವಂದೀ ಅದನ್ನು ಲಂಪಾಂಗಿಗೆ, ತನ್ನನ್ನು ಕೊಟ್ಟ ಊರಿನ ವಿಹಾರಕ್ಕೆ ಒಯ್ಯುತ್ತೇನೆಂದು ಹಟ ಹಿಡಿದಳು. ತಮ್ಮ ಮನೋಪ್ ಬಿಡಲಿಲ್ಲ.

"ಅಪ್ಪನ ಭರಣಿ ನಾನೇ ಕಡೀತೀನಿ. ನೂರನೇ ದಿನದ ಪೂಜೆಗೆ ಅಪ್ಪ ಅದರಲ್ಲಿರ್ತಾನೆ."

"ಇರ್ತಾನೆ, ನಿನ್ನ ಹೆಂಡತಿ ಇರೋಕೆ ಬಿಟ್ರೆ" ಅಂದಳು ವಂದೀ. ಹದಿನೆಂಟು ವರ್ಷದಿಂದ ತಮ್ಮನ ಹೆಂಡತಿ ಲಾಮೈ ಮುಟ್ಟಿದ್ದೆಲ್ಲ ಕೆಡುತ್ತದೆಂದೇ ಅವಳ ನಂಬಿಕೆ. ಲಾಮೈ ಪಾತ್ರೆ ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ.

ಭರಣಿ ಯಾಕೆ ತಡವಾಯಿತು ಅನ್ನುವುದಕ್ಕೆ ಮನೋಪ್ ನೂರು ಕಾರಣ ಹೇಳುತ್ತಿದ್ದ. ನಿಜವಾದ ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಮಾವಿನ ದಿಮ್ಮಿ ಎರಡು ಮಳೆಗಾಲ ಒಣಗದೆ ಲೇತಿಗೆ ಏರಬಾರದು ಎಂಬುದು ಅಜ್ಜನ ಶಾಸ್ತ್ರ. ಮಗನಿಗೆ ಎರಡು ತಿಂಗಳು ಸಾಕು. ಹಸಿಮರ ಕಡೆದಮೇಲೆ ಬಿರುಕು ಬಿಟ್ಟರೆ ತುಂಬಲು ಲೇಪ ಇದೆಯಲ್ಲ! ಸಾಯುವ ಎರಡು ದಿನ ಮೊದಲು, ಊಟದ ಹೊತ್ತಿನಲ್ಲಿ, ಅಜ್ಜ ಎಲ್ಲರೆದುರೇ ಹೇಳಿದ್ದ: "ಹಸಿಮರಕ್ಕೆ ಲೇಪ ಬಳಿಯೋನು ಭರಣಿ ಮಾಡೋದಿಲ್ಲ ಕಣೋ, ಸುಳ್ಳು ಮಾಡ್ತಾನೆ." ಮನೋಪ್ ಅರ್ಧ ಊಟಕ್ಕೆ ಎದ್ದು ಹೋದ. ಆಮೇಲೆ ಅಪ್ಪ ಮಗ ಮಾತಾಡಲೇ ಇಲ್ಲ. ಅಪ್ಪನ ಭರಣಿಗೆಂದು ದಿಮ್ಮಿ ಎತ್ತಿದಾಗಲೆಲ್ಲ ಅವನಿಗೆ ಆ ಮಾತು ನೆನಪಾಗಿ ಕೈ ಏಳುತ್ತಿರಲಿಲ್ಲ. ಇಳಿಸಿಟ್ಟು ಗಿರಾಕಿಯ ದಿಮ್ಮಿ ಏರಿಸುತ್ತಿದ್ದ.

ಭರಣಿಗೆ ಸೇರದ ಮೂಳೆಯನ್ನು ಮನೆಯೊಳಗೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಡಬ್ಬ ಕೆಲಸದ ಕೊಟ್ಟಿಗೆಯಲ್ಲಿ, ಕಸುಬಿನ ಗುರುವಿಗೆ ಪೂಜೆ ಮಾಡುವ ಗೂಡಿನಲ್ಲಿ, ಒಣಗಿದ ಹೂವಿನ ಹಿಂದೆ ಇತ್ತು. ಲಾಮೈ ತಿಳಿದದ್ದು ಹಾಗೆ. ವರ್ಷದ ಗುರುಪೂಜೆಯ ದಿನ ಹಂದಿತಲೆ, ಹೆಂಡದ ಬಾಟಲಿ ಇಡಲು ಜಾಗ ಸಾಲದೆ ಮನೋಪ್ ಡಬ್ಬವನ್ನು ಇಳಿಸಿ ಪಕ್ಕದ ಹಲಗೆಯ ಮೇಲಿಟ್ಟಿದ್ದ. ಪೂಜೆ ಮುಗಿದ ಮೇಲೆ ತಿರುಗಿ ಇಡಲು ಮರೆತ. ಹೇಳಲೂ ಮರೆತ.

ಪಕ್ಕದ ಹಲಗೆಯ ಮೇಲೆ ಇರುವುದು ಲಾಮೈಯ ಬೂದಿಡಬ್ಬಗಳು.

ಲೇಪಕ್ಕೆ ಬೇಕಾದದ್ದು ಎರಡೇ ವಸ್ತು: ಕಾಡುಮರದಿಂದ ಇಳಿಸಿದ ಕಪ್ಪು ಅಂಟುರಸ ಮತ್ತು ಬೂದಿ. ಒರಟು ಲೇಪಕ್ಕೆ ಹೊಟ್ಟಿನ ಬೂದಿ ನಡೆಯುತ್ತದೆ. ನುಣುಪು ಬೇಕೆಂದರೆ ಎಮ್ಮೆಯ ಮೂಳೆ ಸುಟ್ಟ ಬೂದಿಯೇ ಆಗಬೇಕು. ಹೊಸವರ್ಷಕ್ಕೆ ಎಲ್ಲರ ಮನೆಗೂ ಉಡುಗೊರೆಯಾಗಿ ಬರುವ ಬಿಸ್ಕತ್ತಿನ ಡಬ್ಬ, ಮುಚ್ಚಳದ ಮೇಲೆ ಕೆಂಪು ಗುಲಾಬಿ. ಎಮ್ಮೆಮೂಳೆಗೂ ಅದೇ ಡಬ್ಬ, ಮಾವನಿಗೂ ಅದೇ ಡಬ್ಬ.

ಲಂಪೂನಿನ ಸುಪಾಪ್ ಎಂಬ ಶಾಲೆ ಮೇಡಮ್ಮು ತನ್ನ ತಾಯಿಯ ಐವತ್ತನೇ ದಿನಕ್ಕೆ ಭರಣಿ ಹೇಳಿದ್ದಳು. ಮನೋಪ್ ಮೂರು ದಿನದಲ್ಲಿ ಕಡೆದು ಮುಗಿಸಿದ. ತಾವರೆಮೊಗ್ಗಿನ ಹೊಟ್ಟೆ, ಸಣ್ಣ ಸೊಂಟ, ಶಿಖರದ ಮುಚ್ಚಳ. ಮರುದಿನ ನೋಡಿದರೆ ಹೊಟ್ಟೆಯಿಂದ ಪಾದದವರೆಗೆ ಕೂದಲೆಳೆಯಂಥ ಐದಾರು ಬಿರುಕು. ಅವನು ದಿಮ್ಮಿ ತರಲು ಹೊರಟಿದ್ದ. "ಪೂರ್ತಿ ಲೇಪ ಎಳೆದುಬಿಡು" ಅಂದು ಗಾಡಿ ಏರಿದ.

ಎಮ್ಮೆಮೂಳೆಯ ಡಬ್ಬ ತಳ ಕಂಡಿತ್ತು. ಲಾಮೈ ಪಕ್ಕದ ಡಬ್ಬ ಬಿಚ್ಚಿದಳು. ಬೆಳ್ಳಗಿನ ಒಳ್ಳೆಯ ಬೂದಿ, ಆದರೆ ನಡುನಡುವೆ ಗಟ್ಟಿ ಹರಳು. ಸರಿಯಾಗಿ ಅರೆಯದೆ ಕೊಟ್ಟಿದ್ದಾನೆಂದು ಮೂಳೆ ಮಾರುವವನನ್ನು ಬೈದುಕೊಂಡಳು. ಬಟ್ಟೆಯಲ್ಲಿ ಸೋಸಿದಳು. ಬಟ್ಟೆಯ ಮೇಲೆ ಉಳಿದ ಹರಳನ್ನು ಕಲ್ಲಿನ ಮೇಲೆ ಹಾಕಿ ಅರೆದು, ಮತ್ತೆ ಸೋಸಿ, ಅಂಟುರಸಕ್ಕೆ ಕಲಸಿದಳು. ಭರಣಿಯನ್ನು ಲೇತಿಗೆ ಕಚ್ಚಿಸಿ ಮೋಟರನ್ನು ನಿಧಾನಕ್ಕಿಟ್ಟು, ತಿರುಗುವ ಹೊಟ್ಟೆಗೆ ತಾಳೆಗರಿಯ ಪಟ್ಟಿಯಿಂದ ಲೇಪ ಒತ್ತಿದಳು. ಬಿರುಕೆಲ್ಲ ಕುಡಿದುಕೊಂಡವು. ಅಷ್ಟು ಚೆನ್ನಾಗಿ ಕೂತ ಲೇಪವನ್ನು ಅವಳು ಹಿಂದೆ ಕಂಡಿರಲಿಲ್ಲ. ಎರಡನೇ ಸಲದ ಲೇಪಕ್ಕೂ ಅದೇ ಡಬ್ಬ. ಖಾಲಿಯಾದ ಡಬ್ಬವನ್ನು ತೊಳೆದು ಬಿಸಿಲಿಗಿಟ್ಟಳು.

ಭರಣಿ ನೆಲಮಾಳಿಗೆಯ ತಂಪಿನಲ್ಲಿ ಒಣಗಿ, ಉಜ್ಜಿಸಿಕೊಂಡು, ಕಪ್ಪು ಬಳಿಸಿಕೊಂಡು ಮೂರು ವಾರಕ್ಕೆ ಮೇಲೆ ಬಂತು. ಕೆಂಪು ಗೆರೆ ಹಾಕುವುದು ಲಾಮೈಯ ಕೆಲಸ. ಕುಂಚ ಹಿಡಿದ ಕೈ ಅಲುಗಬಾರದು, ಭರಣಿಯೇ ತಿರುಗಿ ಗೆರೆ ಸುತ್ತಿಕೊಳ್ಳಬೇಕು. ಚಿನ್ನದ ರೇಕು ಅಂಟಿಸುವುದು ಮಗಳು ಚೊಂಪೂ. ಕಾಲೇಜು ಮುಗಿಸಿ ಬಂದು, ಉಸಿರು ಬಿಗಿಹಿಡಿದು ಅಂಟಿಸುತ್ತಾಳೆ. ಸುಪಾಪ್ ಬಂದು ನೋಡಿದವಳೇ ಅತ್ತುಬಿಟ್ಟಳು. ಐವತ್ತನೇ ದಿನ ತಾಯಿಯ ಮೂಳೆ ಹಾಕಿ ಮುಚ್ಚಳಕ್ಕೆ ಅರಗು ಹಚ್ಚಿದ ಫೋಟೋವನ್ನೂ ಕಳಿಸಿದಳು.

ಇದಾಗಿ ನಾಲ್ಕನೇ ದಿನ ಲಾಮೈಯ ಅತ್ತೆ ಬುವಾಪಾನ್ ಮಂಡಿನೋವಿನ ನಡುವೆಯೂ ಕೊಟ್ಟಿಗೆಗೆ ಬಂದಳು. ಕೈಯಲ್ಲಿ ಬಾಳೆಲೆಯ ತುಂಡು, ಅದರಲ್ಲಿ ಅಂಟಕ್ಕಿ ಅನ್ನದ ಉಂಡೆ. ನೂರನೇ ದಿನಕ್ಕೆ ಇನ್ನು ಮೂರು ವಾರ. ಅಲ್ಲಿಯವರೆಗೆ ದಿನಾ ಬೆಳಗ್ಗೆ ಮೊದಲ ಉಂಡೆ ಗಂಡನಿಗೆ ಇಡುವ ಮನಸ್ಸಾಗಿತ್ತು. ಗುರುವಿನ ಗೂಡಿನಲ್ಲಿ ಹೂವು ಸರಿಸಿ ನೋಡಿದಳು.

"ಎಲ್ಲಿಟ್ಟಿದ್ದೀಯೇ ಇವರನ್ನ?"

"ಅಲ್ಲೇ ಇದಾರಲ್ಲಮ್ಮ."

"ಇಲ್ಲ. ಪೂಜೆ ದಿನ ಮನೋಪ್ ಇಳಿಸಿದ್ದ. ಈ ಹಲಗೆ ಮೇಲಿಟ್ಟಿದ್ದು ನಾನೇ ನೋಡಿದೀನಿ."

ಲಾಮೈಗೆ ಅರೆದ ಹರಳು ನೆನಪಾಯಿತು. ಕಲ್ಲಿನ ಮೇಲೆ ಅವು ಕರಕರ ಅಂದದ್ದು ಕಿವಿಗೇ ಬಂತು. ಬಾಯಿ ತನ್ನಷ್ಟಕ್ಕೆ ಸುಳ್ಳು ಹೇಳಿತು. ಮರದ ಧೂಳು ಬೀಳುತ್ತದೆಂದು ಹಿತ್ತಲ ಕಡೆ ಎತ್ತಿಟ್ಟಿದ್ದೇನೆ, ನೀವು ಕೂತಿರಿ ಅಂದಳು. ಹಿತ್ತಲಿಗೆ ಹೋಗಿ, ತೊಳೆದಿಟ್ಟ ಡಬ್ಬಕ್ಕೆ ಹಿಂದಿನ ದಿನವಷ್ಟೇ ಬಂದ ಎಮ್ಮೆಮೂಳೆಯ ಬೂದಿ ಸುರಿದು, ಮುಚ್ಚಳ ಒರೆಸಿ ತಂದಿಟ್ಟಳು. ಬುವಾಪಾನ್ ಅದರ ಮುಂದೆ ಅನ್ನದ ಉಂಡೆ ಇಟ್ಟು ಕೈಮುಗಿದಳು. "ತಿನ್ನಿ. ಬಿಸಿ ಇದೆ" ಅಂದಳು.

ಅಂದಿನಿಂದ ಲಾಮೈಗೆ ಅನ್ನ ಸೇರದಾಯಿತು. ಸಂಜೆ ಎಲ್ಲರೂ ತಟ್ಟೆಯ ಸುತ್ತ ಕೂತಾಗ, ಅನ್ನದ ಬುಟ್ಟಿಯಿಂದ ಚಿಟಿಕೆ ಮುರಿದು ಮೆಣಸಿನಕಾಯಿ ಚಟ್ನಿಗೆ ಅದ್ದಿ, ಬಾಯಿಯ ಹತ್ತಿರ ತಂದು ಹಾಗೇ ಇಡುತ್ತಿದ್ದಳು. ಮೂಳೆಯ ಸಾರನ್ನಂತೂ ನೋಡಲೂ ಆಗುತ್ತಿರಲಿಲ್ಲ. ಈ ವಯಸ್ಸಲ್ಲಿ ಬಸುರಿ ಏನೇ ಎಂದು ಅತ್ತೆ ತಮಾಷೆ ಮಾಡಿದಳು. ಮಾಡಿದ್ದಷ್ಟೇ ಅಲ್ಲ, ಮರುದಿನ ಹುಣಸೆಚಿಗುರಿನ ಸಾರು ಬೇರೆ ಮಾಡಿಕೊಟ್ಟಳು. ಆ ಸಾರು ಕುಡಿಯುವಾಗ ಲಾಮೈಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಐದನೇ ದಿನ ಗಂಡನಿಗೆ ಹೇಳಿದಳು. ಮನೋಪ್ ಉಳಿ ಮಸೆಯುತ್ತಿದ್ದ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೂಗಾಡಿದ: ಹದಿನೆಂಟು ವರ್ಷ ಬೂದಿ ಕಲಸಿದವಳಿಗೆ ಮನುಷ್ಯರ ಬೂದಿ ಯಾವುದು, ಎಮ್ಮೆಯದು ಯಾವುದು ಗೊತ್ತಾಗುವುದಿಲ್ಲವೇ ಎಂದ. ಅಕ್ಕ ಹೇಳಿದ್ದೇ ಸರಿ ಎಂದ.

"ಹಲಗೆ ಮೇಲಿಟ್ಟಿದ್ದು ಯಾರು?" ಕೇಳಿದಳು ಲಾಮೈ.

ಅವನು ಮತ್ತೆ ಉಳಿ ಮಸೆಯತೊಡಗಿದ.

"ಒಂದೂವರೆ ತಿಂಗಳು ಡಬ್ಬದಲ್ಲಿ ಬಿಟ್ಟಿದ್ದು ಯಾರು? ಬಿರುಕು ಬಿಡೋ ಮರ ಕಡೆದಿದ್ದು ಯಾರು?"

ಮನೋಪ್ ಉಳಿಯನ್ನು ಕಲ್ಲಿನ ಮೇಲೆ ಬಿಟ್ಟು ಹೊರಗೆ ಹೋಗಿ ಕೂತ. ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು. ಸುಪಾಪಳ ಹತ್ತಿರ ಭರಣಿ ವಾಪಸು ಕೇಳುವಂತಿಲ್ಲ, ಅವರ ತಾಯಿ ಅದರೊಳಗೆ ಸೇರಿ ಆಗಿದೆ. ಅಮ್ಮನಿಗೆ ಹೇಳಿದರೆ ಅವಳು ಉಳಿಯುವುದಿಲ್ಲ. ವಂದೀಗೆ ಗೊತ್ತಾದರೆ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಯಾರಿಗೂ ಹೇಳುವುದು ಬೇಡ ಎಂದು ಗಂಡಹೆಂಡಿರು ನಿಶ್ಚಯ ಮಾಡಿದರು. ತಪ್ಪು ಮಾಡಿದವರು ಮೊದಲು ಮಾಡುವ ನಿಶ್ಚಯ ಅದೇ ತಾನೇ.

ಮರುದಿನವೇ ಮನೋಪ್ ಅಪ್ಪ ತೆಗೆದಿರಿಸಿದ್ದ ದಿಮ್ಮಿಯನ್ನು ಅಟ್ಟದಿಂದ ಇಳಿಸಿದ. ಆರು ವರ್ಷ ಒಣಗಿದ ಮಾವು, ಬೆರಳಲ್ಲಿ ತಟ್ಟಿದರೆ ಗಡಿಗೆಯ ಹಾಗೆ ದನಿ. ನಾಲ್ಕು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಉಳಿ ತಾಗಿದರೆ ಹಸಿಮರದ ಹಾಗೆ ಒದ್ದೆ ಸಿಬಿರು ಹಾರದೆ, ಕಾಗದದಂಥ ಸುರುಳಿ ಬಿಡುತ್ತಿತ್ತು. ಹೊರಗಿನ ಹೊಟ್ಟೆ ತಿದ್ದಿ, ಒಳಗನ್ನು ಕೊಕ್ಕೆ ಉಳಿಯಿಂದ ತೋಡುತ್ತ, ನಡುನಡುವೆ ಮೋಟರು ನಿಲ್ಲಿಸಿ ಗೋಡೆಯ ದಪ್ಪವನ್ನು ಎರಡು ಬೆರಳ ನಡುವೆ ನೋಡುತ್ತಿದ್ದ. ಒಂದು ಬಿರುಕಿಲ್ಲ. ಲೇಪವೇ ಬೇಕಾಗಲಿಲ್ಲ. ಬುವಾಪಾನ್ ದಿನಾ ಕುರ್ಚಿ ಹಾಕಿಸಿಕೊಂಡು ಕೂತು ನೋಡಿದಳು.

"ನಿಮ್ಮಪ್ಪನ ಕೈ ಬಂದಿದೆ ಕಣೋ ನಿನಗೆ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?"

ಮನೋಪ್ ಮೋಟರಿನ ಗುಂಡಿ ಒತ್ತಿದ. ಅಪ್ಪ ಇದ್ದಾಗ ಒಂದು ಸಲ ಹೀಗೆ ಕಡೆದು ತೋರಿಸಲಿಲ್ಲವಲ್ಲ ಎಂಬ ಕೊರಗು ಅವನಿಗೆ.

ಗುಟ್ಟು ಚೊಂಪೂಗೆ ಗೊತ್ತಾದದ್ದು ರೇಕು ಅಂಟಿಸುವ ದಿನ. ಅಪ್ಪ-ಅಮ್ಮ ಡಬ್ಬದ ಬಗ್ಗೆ ಪಿಸುಗುಟ್ಟುತ್ತಿದ್ದುದನ್ನು ಕೇಳಿಸಿಕೊಂಡು ಕೆದಕಿ ಕೆದಕಿ ಬಾಯಿ ಬಿಡಿಸಿದಳು. ಚಿನ್ನದ ರೇಕಿನ ಪುಸ್ತಕ ಮುಚ್ಚಿ ಎದ್ದುನಿಂತಳು.

"ಅಜ್ಜಿ ಎಮ್ಮೆ ಮೂಳೆಗೆ ಅನ್ನ ಇಡ್ತಿದ್ರೆ ನೀವಿಬ್ರೂ ನೋಡ್ಕೊಂಡು ಕೂತಿದ್ದೀರ. ನಾಚಿಕೆ ಆಗಲ್ವಾ?"

"ಮೆಲ್ಲಗೆ ಮಾತಾಡು" ಅಂದ ಮನೋಪ್.

"ನಾನು ಈ ಭರಣಿ ಮುಟ್ಟಲ್ಲ. ಎಮ್ಮೆಗೆ ಚಿನ್ನ ನೀವೇ ಹಚ್ಚಿ."

ಹುಡುಗಿ ಎರಡು ದಿನ ಮನೆಯವರ ಜೊತೆ ಊಟಕ್ಕೆ ಕೂರಲಿಲ್ಲ. ಚಿನ್ನವನ್ನು ಲಾಮೈಯೇ ಅಂಟಿಸಿದಳು. ಅಂಚು ಸರಿಬರಲಿಲ್ಲ.

ನೂರನೇ ದಿನಕ್ಕೆ ಎರಡು ದಿನ ಮುಂಚೆ, ಬೆಳಗ್ಗೆ, ಬುವಾಪಾನ್ ಅಸ್ಥಿ ತೊಳೆಯಲು ಕೂತಳು. ಸೀಗೆಕಾಯಿ ಸುಟ್ಟು ನೆನೆಸಿದ ನೀರು, ಅರಿಸಿನ, ನಾಲ್ಕು ಎಸಳು ಮಲ್ಲಿಗೆ, ಹೊಸ ಬಿಳಿ ಬಟ್ಟೆ. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡಳು. ಐವತ್ತೆರಡು ವರ್ಷ ಮೈಗೆ ನೀರು ಹಾಕಿದ್ದೀನಿ, ಇದೊಂದು ಸಲ ಹಾಕಿದರೆ ಮುಗಿಯಿತು ಎಂದು ಸೊಸೆಗೆ ಹೇಳಿ ಮುಚ್ಚಳಕ್ಕೆ ಉಗುರು ಹಾಕಿದಳು. ಲಾಮೈ ಹೋಗಿ ಅವಳ ಕೈ ಹಿಡಿದುಕೊಂಡಳು.

"ತೊಳೀಬೇಡಿ ಅಮ್ಮ. ಅದು ಅವರಲ್ಲ."

ಮುದುಕಿ ಸೊಸೆಯ ಮುಖ ನೋಡಿದಳು. ಲಾಮೈ ನೆಲದ ಮೇಲೆ ಕೂತು, ಹಣೆ ಅವಳ ಪಾದಕ್ಕೆ ಹಚ್ಚಿ, ಒಂದೂ ಬಿಡದೆ ಹೇಳಿದಳು. ಕೊಟ್ಟಿಗೆಯಲ್ಲಿ ಮನೋಪ್ ಮೋಟರು ನಿಲ್ಲಿಸಿದ, ಆದರೆ ಹೊರಗೆ ಬರಲಿಲ್ಲ.

"ಎಷ್ಟು ಹಾಕಿದೆ?" ಕೇಳಿದಳು ಬುವಾಪಾನ್.

"ಎಲ್ಲಾ."

"ಗಟ್ಟಿ ಚೂರಿದ್ದವಲ್ಲ. ನಾನೇ ಆರಿಸಿ ಹಾಕಿದ್ದೆ."

"ಅರೆದೆ ಅಮ್ಮ."

"ಕಲ್ಲಲ್ಲಾ?"

"ಹ್ಞೂಂ."

ಬೈದಿದ್ದರೆ, ಹೊಡೆದಿದ್ದರೆ ಲಾಮೈಗೆ ಎಷ್ಟೋ ಹಗುರವಾಗುತ್ತಿತ್ತು. ಮುದುಕಿ ಡಬ್ಬವನ್ನು ತೊಡೆಯಿಂದ ಇಳಿಸಿ ಪಕ್ಕಕ್ಕಿಟ್ಟಳು. ಸೀಗೆ ನೀರನ್ನು ಮಾವಿನ ಬುಡಕ್ಕೆ ಚೆಲ್ಲಿದಳು. ಹೊರಡು, ಆ ಮನೆ ತೋರಿಸು ಎಂದಳು.

ಲಂಪೂನಿಗೆ ಹೋಗುವ ಬಾಡಿಗೆ ಗಾಡಿಯ ಹಿಂದಿನ ಬೆಂಚಿನಲ್ಲಿ ಇಬ್ಬರೂ ಎದುರುಬದುರು ಕೂತರು. ಅರ್ಧ ದಾರಿಯಲ್ಲಿ ಮುದುಕಿ ರಸ್ತೆ ನೋಡುತ್ತ ಹೇಳಿದಳು: "ಬದುಕಿದ್ದಾಗ ಒಂದು ರಾತ್ರಿ ಪರವೂರಲ್ಲಿ ಮಲಗಿದೋರಲ್ಲ. ಈಗ ನೋಡು, ಯಾರದೋ ಮನೇಲಿ, ಯಾವಳನ್ನೋ ತಬ್ಕೊಂಡು ಕೂತಿದಾರೆ." ನಗಬೇಕೋ ಅಳಬೇಕೋ ತಿಳಿಯದೆ ಲಾಮೈ ತಲೆ ತಗ್ಗಿಸಿದಳು.

ಸುಪಾಪ್ ಸಂಭ್ರಮದಿಂದ ಬರಮಾಡಿಕೊಂಡಳು. ನಮ್ಮ ಮನೆಯ ಕೆಲಸ, ಒಮ್ಮೆ ನೋಡಿಹೋಗೋಣವೆಂದು ಬಂದೆ ಎಂದಳು ಬುವಾಪಾನ್. ಬುದ್ಧನ ಪೀಠಕ್ಕಿಂತ ಒಂದು ಮೆಟ್ಟಿಲು ಕೆಳಗೆ ಭರಣಿ ಇತ್ತು. ಮುಂದೆ ಒಂದು ಲೋಟ ನೀರು, ತಟ್ಟೆಯಲ್ಲಿ ಲೋಂಗನ್ ಹಣ್ಣು. ಮುದುಕಿ ಮಂಡಿಯೂರಲು ಲಾಮೈ ತೋಳು ಕೊಟ್ಟಳು. ಬುವಾಪಾನ್ ಭರಣಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸುತ್ತ ಆಡಿಸಿದಳು.

"ಯಾವ ಕಡೆ?" ಎಂದು ಸೊಸೆಯನ್ನು ಕೇಳಿದಳು.

"ಎಲ್ಲಾ ಕಡೆ, ಅಮ್ಮ."

ಅವಳು ಅಂಗೈ ತೆಗೆಯಲಿಲ್ಲ. ಸುಪಾಪ್ ಒಳಗಿಂದ ಚಹಾ ತಂದಾಗಲೂ ಹಾಗೇ ಕೂತಿದ್ದಳು. ಎಂಥ ನುಣುಪು ನೋಡಿ, ಬೆಳಗ್ಗೆ ಎದ್ದ ಕೂಡಲೇ ನನ್ನ ಕೈಯೂ ಅಲ್ಲಿಗೇ ಹೋಗುತ್ತದೆ, ಇದು ಬಂದ ಮೇಲೆ ನನಗೆ ನಿದ್ದೆ ಹತ್ತುತ್ತಿದೆ ಎಂದಳು ಸುಪಾಪ್. ನಿಮ್ಮ ಸೊಸೆಯ ಕೈಗೆ ಪುಣ್ಯವಿದೆ ಎಂದೂ ಹೇಳಿದಳು. ಲಾಮೈ ಬಾಯಿ ತೆರೆದಳು. ಹೇಳಿಬಿಡುತ್ತಿದ್ದಳು. ಅತ್ತೆ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಎಬ್ಬಿಸಿದಳು.

ಬೀದಿಗೆ ಬಂದ ಮೇಲೆ, ಅವಳಿಗೂ ಹೇಳಬೇಕಲ್ಲವೇ ಎಂದು ಲಾಮೈ ಅತ್ತಳು.

"ಆ ಹುಡುಗಿ ಅಮ್ಮ ಅಂತ ಕೈ ಮುಗೀತಾಳೆ. ಅದನ್ನೂ ಕೆಡಿಸೋಣ ಅಂತೀಯಾ? ನಿನಗೆ ಹಗುರ ಆಗಲಿ ಅಂತ ಅವಳ ಮೇಲೆ ಹೊರಿಸಬೇಡ."

ನೂರನೇ ದಿನ ಮನೆ ತುಂಬ ಜನ. ಐವರು ಭಿಕ್ಷುಗಳು, ಓಣಿಯವರೆಲ್ಲ, ಲಂಪಾಂಗಿನಿಂದ ವಂದೀ, ಅವಳ ಗಂಡ, ಮಕ್ಕಳು. ಹೊಸ ಭರಣಿ ಬಿಳಿ ಬಟ್ಟೆಯ ಮೇಲೆ ಹೊಳೆಯುತ್ತಿತ್ತು. ಹಿಂದಿನ ದಿನವೇ ಬುವಾಪಾನ್ ಬಾಗಿಲು ಹಾಕಿಕೊಂಡು ಒಬ್ಬಳೇ ಮುಚ್ಚಳಕ್ಕೆ ಅರಗು ಹಚ್ಚಿದ್ದಳು. ಒಳಗೆ ಏನೂ ಇರಲಿಲ್ಲ. ಎಮ್ಮೆಮೂಳೆಯ ಬೂದಿಯನ್ನು ಅವಳು ಬೂದಿಯ ಹಲಗೆಗೇ ಕಳಿಸಿದ್ದಳು. ಭಿಕ್ಷುಗಳು ಪಂಚಶೀಲ ಹೇಳಿಸಿದರು. ಕೊಲ್ಲುವುದಿಲ್ಲ, ಕದಿಯುವುದಿಲ್ಲ ಎಂದು ಒಂದೊಂದನ್ನೇ ಹೇಳುವಾಗ ಎಲ್ಲರಿಗಿಂತ ಸ್ಪಷ್ಟವಾಗಿ ಕೇಳುತ್ತಿದ್ದದ್ದು ಬುವಾಪಾನಳ ದನಿ. ಸುಳ್ಳಾಡುವುದಿಲ್ಲ ಅನ್ನುವುದನ್ನೂ ಹಾಗೆಯೇ ಹೇಳಿದಳು. ಮೂವತ್ತು ವರ್ಷದಿಂದ ಒಂದು ಹುಣ್ಣಿಮೆ ತಪ್ಪಿಸದೆ ಶೀಲ ಹಿಡಿದವಳು ಅವಳು. ಓಣಿಯ ಜಗಳಕ್ಕೆಲ್ಲ ಅವಳ ಮಾತೇ ಸಾಕ್ಷಿ.

ಭಿಕ್ಷುಗಳು ಉಂಡು ಹೊರಟ ಮೇಲೆ ಮನೆಯವರು ಕೂತರು. ವಂದೀ ಭರಣಿಯನ್ನೇ ನೋಡುತ್ತಿದ್ದಳು.

"ನಾನು ಬರೋ ತನಕ ಕಾಯಬಾರದಿತ್ತಾ ಅಮ್ಮ? ಅಪ್ಪನ್ನ ಕೊನೇ ಸಲ ನೋಡ್ತಿದ್ದೆ. ನೀನೇ ತೊಳೆದ್ಯಾ?"

ಮನೋಪನ ಕೈಯಲ್ಲಿದ್ದ ಅನ್ನ ಕೈಯಲ್ಲೇ ಉಳಿಯಿತು. ಚೊಂಪೂ ಅಜ್ಜಿಯನ್ನು ನೋಡಿದಳು. ಲಾಮೈ ಬಡಿಸುವ ಸೌಟು ಕೆಳಗಿಟ್ಟು, ಅಕ್ಕ, ನಾನು ಒಂದು ಮಾತು ಎಂದು ಶುರುಮಾಡಿದಳು.

"ಸಾರು ಆರಿದೆ, ಬಿಸಿ ಮಾಡ್ಕೊಂಡು ಬಾ" ಎಂದಳು ಬುವಾಪಾನ್. ಆಮೇಲೆ ಮಗಳ ಕಡೆ ತಿರುಗಿದಳು. "ನಾನೇ ತೊಳೆದೆ. ಬೆಳ್ಳಗಿದ್ದರು. ಒಂದು ಕಪ್ಪು ಚುಕ್ಕೆ ಇರಲಿಲ್ಲ."

ವಂದೀ ಹೆಗಲ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಡುಗೆಮನೆಗೆ ಬುವಾಪಾನ್ ಹಿಂದೆಯೇ ಬಂದಳು. ಲಾಮೈ ಒಲೆಯ ಮುಂದೆ ನಿಂತಿದ್ದಳು, ಹೊತ್ತಿಸಿರಲಿಲ್ಲ.

"ನನಗೋಸ್ಕರ ಶೀಲ ಮುರಿದ್ರಿ."

"ನಿನಗೋಸ್ಕರ ಅಲ್ಲ. ನನಗಿರೋದು ಇಬ್ಬರೇ ಮಕ್ಕಳು. ನಾನು ಹೋದ ಮೇಲೂ ಒಬ್ಬರ ಮುಖ ಒಬ್ಬರು ನೋಡಬೇಕು." ಮುದುಕಿ ತಾನೇ ಒಲೆ ಹೊತ್ತಿಸಿದಳು. "ಈ ಪಾಪ ನಂದು. ಹಂಚ್ಕೊಳ್ಳೋಕೆ ಬರಬೇಡ."

ಲಾಮೈ ಬಿಸಿ ಸಾರು ಹಿಡಿದು ಹೊರಗೆ ಬಂದಾಗ ವಂದೀ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು. ಚಾಪೆಯ ಮೇಲೆ ಅವಳಿಗೂ ಮನೋಪನಿಗೂ ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು. ಹದಿನೆಂಟು ವರ್ಷದಲ್ಲಿ ಆ ಜಾಗ ಲಾಮೈಗೆ ಸಿಕ್ಕಿರಲಿಲ್ಲ.

"ಬಾ, ಕೂತ್ಕೋ. ಬೆಳಗ್ಗೆಯಿಂದ ನಿಂತೇ ಇದ್ದೀಯ. ಅಪ್ಪನ್ನ ನೀನು ಚೆನ್ನಾಗಿ ನೋಡ್ಕೊಂಡೆ. ನಾನು ಏನೇನೋ ಅಂದುಬಿಟ್ಟಿದ್ದೆ."

ಲಾಮೈ ಅತ್ತೆಯ ಕಡೆ ನೋಡಿದಳು. ಬುವಾಪಾನ್ ಮೊಮ್ಮಗನಿಗೆ ಮೀನಿನ ಮುಳ್ಳು ಬಿಡಿಸಿಕೊಡುತ್ತಿದ್ದಳು, ತಲೆ ಎತ್ತಲಿಲ್ಲ. ಲಾಮೈ ಕೂತಳು. ವಂದೀ ಅನ್ನದ ಚಿಟಿಕೆ ಮುರಿದು, ಸಾರಿನಲ್ಲಿ ಅದ್ದಿ, ತನ್ನ ಕೈಯಾರೆ ಅವಳ ಬಾಯಿಗೆ ಹಿಡಿದಳು. ಲಾಮೈ ಅದನ್ನು ಅಗಿದು ನುಂಗಿದಳು. ಇನ್ನೊಂದು ಹಿಡಿದಾಗ ಅದನ್ನೂ ನುಂಗಿದಳು.